ಡೆಲೋರಿಸ್ ಬಿಟ್ಟುಕೊಟ್ಟ ಚೀಟಿ

ಶಾಲೆಯ ತೆರಿಗೆಗೆ ಊರಿನವರು ಮೂರನೆಯ ಸಲವೂ ‘ಬೇಡ’ ಎಂದು ವೋಟು ಹಾಕಿದ ಮಾರನೆಯ ಬೆಳಿಗ್ಗೆ ಡೆಲೋರಿಸ್ ಬಾನ್ಯಾಕ್ ತನ್ನ ನಾಲ್ಕನೆಯ ತರಗತಿಯಲ್ಲಿ ಭಿನ್ನರಾಶಿ ಹೇಳಿಕೊಡುತ್ತಿದ್ದಳು. ಬೋರ್ಡಿನ ಮೇಲೆ ಒಂದು ಪೀಟ್ಜಾ ಬರೆದು ಎಂಟು ತುಂಡು ಮಾಡಿದ್ದಳು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿ, ಮಿಸೆಸ್ ಬಾನ್ಯಾಕ್, ನಿಮ್ಮನ್ನು ಕೆಲಸದಿಂದ ತೆಗೆಯುತ್ತಾರಂತೆ, ನಮ್ಮಪ್ಪ ಹೇಳ್ತಿದ್ದರು ಎಂದಳು. ಮೊದಲು ಈ ಪೀಟ್ಜಾ ಮುಗಿಸೋಣ, ನನ್ನ ವಿಷಯ ಆಮೇಲೆ ಎಂದು ಡೆಲೋರಿಸ್ ಪಾಠ ಮುಂದುವರಿಸಿದಳು. ಆ ಹುಡುಗಿಯ ಅಪ್ಪನ ಮನೆ ಮುಂದೆ ಹುಲ್ಲಿನಲ್ಲಿ ನೆಟ್ಟಿದ್ದ ಫಲಕ ಇನ್ನೂ ಅಲ್ಲೇ ಇತ್ತು. ‘ಬೇಡ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದ ಫಲಕ.

ನಮ್ಮ ಪೋರ್ಟ್ ಆಲ್ಡನ್ ಈರಿ ಸರೋವರದ ದಂಡೆಯ ಊರು. ಕಾರಿನ ಬಂಪರು ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಇಲ್ಲಿ ತಿಂಗಳ ಸಂಬಳ ಅಂತ ಕೊಡುವ ದೊಡ್ಡ ಜಾಗ ಶಾಲೆಯೊಂದೇ. ಓಹಾಯೋದಲ್ಲಿ ಶಾಲೆಗೆ ಹೆಚ್ಚು ದುಡ್ಡು ಬೇಕೆಂದರೆ ಮನೆ ತೆರಿಗೆ ಏರಬೇಕು, ಏರಬೇಕೆಂದರೆ ಊರು ವೋಟು ಹಾಕಬೇಕು. ಪೆಟ್ರೋಲಿನ ಬೆಲೆಗೆ ನಮ್ಮನ್ನು ಯಾರೂ ಕೇಳುವುದಿಲ್ಲ. ಯುದ್ಧಕ್ಕೆ ಕೇಳುವುದಿಲ್ಲ. ಕಾರ್ಖಾನೆಯನ್ನು ಮೆಕ್ಸಿಕೋಕ್ಕೆ ಒಯ್ಯುವಾಗ ಕೇಳಲಿಲ್ಲ. ‘ಬೇಡ’ ಎನ್ನಲು ಜನರ ಕೈಗೆ ಸಿಗುವುದು ಇದೊಂದೇ ತೆರಿಗೆ. ಹಾಗಾಗಿ ಬೇರೆಲ್ಲದರ ಸಿಟ್ಟನ್ನೂ ಇದರ ಮೇಲೇ ತೀರಿಸಿಕೊಳ್ಳುತ್ತಾರೆ. ಏಟು ಬೀಳುವುದು ಮಾತ್ರ ಡೆಲೋರಿಸ್‌ಳಂಥವರಿಗೆ.

ಡೆಲೋರಿಸ್‌ಳನ್ನು ಊರು ಮೊದಲು ಕಂಡದ್ದು ತಲೆಗೆ ಬಲೆ ಕಟ್ಟಿಕೊಂಡು ಅಡುಗೆಮನೆಯಲ್ಲಿ. ಅದೇ ಲಿಂಕನ್ ಶಾಲೆಯ ಕ್ಯಾಂಟೀನಿನಲ್ಲಿ ಹದಿನೇಳು ವರ್ಷ ಮಕ್ಕಳ ತಟ್ಟೆಗೆ ಆಲೂಗಡ್ಡೆ ಉಂಡೆ, ಖೀಮಾ ತುಂಬಿದ ಬನ್ನು ಹಾಕಿದವಳು. ಎರಡನೆಯ ತರಗತಿಯ ಹುಡುಗಿಯೊಬ್ಬಳು ದಿನವೂ ಅಂದಿನ ಊಟದ ಹೆಸರು ಬರೆದ ಹಲಗೆ ನೋಡಿ ನೋಡಿ ಕೊನೆಗೆ ಹಿಂದಿನವಳು ತಗೊಂಡದ್ದೇ ನನಗೂ ಎನ್ನುತ್ತಿದ್ದಳು. ಅವಳಿಗೆ ಓದು ಬಾರದೆಂದು ಮೊದಲು ಗೊತ್ತಾದದ್ದು ಸೌಟು ಹಿಡಿದಿದ್ದ ಡೆಲೋರಿಸ್‌ಗೆ. ಊಟದ ಬಿಡುವಿನಲ್ಲಿ ಪಾತ್ರೆ ತೊಳೆಯುತ್ತ ಆ ಹಲಗೆಯನ್ನೇ ಪುಸ್ತಕ ಮಾಡಿಕೊಂಡು ಅವಳಿಗೆ ಅಕ್ಷರ ಕಲಿಸಿದಳು. ಆ ರುಚಿ ಹತ್ತಿದ ಮೇಲೆ ಬಿಡಲಿಲ್ಲ. ಸಂಜೆ ಕಾಲೇಜು, ಬೇಸಿಗೆ ಕಾಲೇಜು, ಒಂದು ವರ್ಷ ಬಿಟ್ಟು ಮತ್ತೆ ಕಾಲೇಜು. ಗಂಡ ರೇ ಬಂಪರ್ ಕಾರ್ಖಾನೆ ಮುಚ್ಚಿದ ಮೇಲೆ ಸ್ಮಶಾನದ ಹುಲ್ಲು ಕತ್ತರಿಸುವ ಕೆಲಸಕ್ಕೆ ಸೇರಿದ್ದ. ನನ್ನ ಗಿರಾಕಿಗಳು ಯಾರೂ ಎದ್ದು ಬಂದು ದೂರು ಹೇಳಲ್ಲ, ನೀನು ನಿಶ್ಚಿಂತೆಯಿಂದ ಓದು ಎಂದು ಅವಳ ಬೆನ್ನು ತಟ್ಟುತ್ತಿದ್ದ. ನಲವತ್ತೊಂದರ ವಯಸ್ಸಿನಲ್ಲಿ ಡೆಲೋರಿಸ್ ಅದೇ ಕಟ್ಟಡದಲ್ಲಿ ಅಡುಗೆಮನೆಯಿಂದ ತರಗತಿಗೆ ಬಂದಳು.

ಬಂದಳೇನೋ ಸರಿ. ಹದಿನೇಳು ವರ್ಷ ಅಡುಗೆಮನೆಯಲ್ಲೇ ಉಳಿದವು. ಅಡುಗೆಯವರ ಸಂಘ ಬೇರೆ, ಶಿಕ್ಷಕರ ಸಂಘ ಬೇರೆ. ಅಲ್ಲಿನ ಸೇವೆ ಇಲ್ಲಿ ಲೆಕ್ಕಕ್ಕಿಲ್ಲ. ಶಿಕ್ಷಕಿಯಾಗಿ ಅವಳು ಹೊಸಬಳು, ನಾಲ್ಕು ವರ್ಷ ಮುಗಿದು ಕಾಯಂ ಆಗುವವರೆಗೆ ಪ್ರೊಬೇಷನರಿ. ಸಂಘವೂ ಶಾಲಾ ಮಂಡಳಿಯೂ ಕೂತು ಮಾಡಿಕೊಂಡ ಒಪ್ಪಂದದಲ್ಲಿ ಇಂಥವರಿಗೆ ಒಂದು ಪುಟವಿದೆ. ಜನ ಕಡಿಮೆ ಮಾಡುವ ಹೊತ್ತು ಬಂದರೆ ಮೊದಲು ಹೋಗುವುದು ಪ್ರೊಬೇಷನರಿಗಳು. ಅವರಲ್ಲೂ ಕೊನೆಗೆ ಬಂದವರು ಮೊದಲು. ಒಂದೇ ದಿನ ಸೇರಿದವರಿದ್ದರೆ, ಸೇರಿದ ದಿನ ಅವರವರ ಕೈಯಿಂದಲೇ ಎತ್ತಿದ ಚೀಟಿಯ ನಂಬರಿನ ಪ್ರಕಾರ. ದೊಡ್ಡ ನಂಬರಿನವರು ಮೊದಲು ಹೋಗಬೇಕು. ಕಾಯಂ ಆದವರು ಹೋದರೆ ಎರಡು ವರ್ಷದೊಳಗೆ ಜಾಗ ಖಾಲಿಯಾದ ಕೂಡಲೇ ಅವರನ್ನೇ ವಾಪಸ್ ಕರೆಯಬೇಕು. ಪ್ರೊಬೇಷನರಿಯನ್ನು ಕರೆಯಬೇಕಿಲ್ಲ. ಹೊರಗೆ ಕಳಿಸುವ ಸಾಲಿನಲ್ಲಿ ಅವರಿಗೂ ನಂಬರಿದೆ, ಒಳಗೆ ಕರೆಯುವ ಸಾಲಿನಲ್ಲಿ ಇಲ್ಲ. ಇದಕ್ಕೆ ಸಹಿ ಹಾಕಿದ್ದು ಮಂಡಳಿ ಮಾತ್ರವಲ್ಲ, ಸಂಘವೂ ಹಾಕಿದೆ. ಮಾಲೀಕರನ್ನು ಬೈಯಲು ನನಗೆ ಯಾರ ಅನುಮತಿಯೂ ಬೇಡ. ನಮ್ಮವರನ್ನು ಬೈಯುವುದು ಮಾತ್ರ ಕಷ್ಟ, ಆದರೂ ಬೈಯಬೇಕು.

ಚೀಟಿ ಎತ್ತಿದ ದಿನದ ಕತೆ ಹೇಳದೆ ಮುಂದೆ ಹೋಗುವಂತಿಲ್ಲ.

ಆ ವರ್ಷ ಆಗಸ್ಟಿನಲ್ಲಿ ಏಳು ಜನ ಹೊಸಬರು ಸೇರಿದರು. ಸಂಘದ ಅಧ್ಯಕ್ಷ ಗಸ್ ಮರೀನೋ ವಿಜ್ಞಾನದ ಮೇಷ್ಟ್ರು. ಬಾಯಿ ದೊಡ್ಡದು, ಮನಸ್ಸು ಕೆಟ್ಟದ್ದಲ್ಲ. ಪ್ರತಿ ವರ್ಷದಂತೆ ಸ್ಟಾಫ್ ರೂಮಿನಲ್ಲಿ ಡೋನಟ್ ಇಟ್ಟು, ಕಾಫಿಪುಡಿಯ ತಗಡಿನ ಡಬ್ಬಿಯಲ್ಲಿ ಚೀಟಿ ಹಾಕಿಟ್ಟಿದ್ದ. ಅದೇ ಡಬ್ಬಿಯಿಂದ ಎರಡು ಸಲ ಎತ್ತುವುದು ಇಲ್ಲಿನ ರೂಢಿ. ಮೊದಲನೆಯದು ಕಾರು ನಿಲ್ಲಿಸುವ ಜಾಗಕ್ಕೆ. ಸರೋವರದ ಕಡೆಯಿಂದ ಹಿಮ ಬೀಳತೊಡಗಿದರೆ ಬಾಗಿಲ ಹತ್ತಿರದ ಜಾಗಕ್ಕೆ ಬಂಗಾರದ ಬೆಲೆ. ಎರಡನೆಯದು ಸೇವೆಯ ಹಿರಿತನಕ್ಕೆ. ಜನ ಜಗಳವಾಡುತ್ತಿದ್ದದ್ದು ಮೊದಲನೆಯದಕ್ಕೇ. ಎರಡನೆಯದನ್ನು ಬಾಯಲ್ಲಿ ಡೋನಟ್ ಇಟ್ಟುಕೊಂಡೇ ಎತ್ತಿಬಿಡುತ್ತಿದ್ದರು.

ಡೆಲೋರಿಸ್ ಬಂದದ್ದು ತಡವಾಗಿ. ಪಾರ್ಕಿನಲ್ಲಿ ಬಡಮಕ್ಕಳ ಬೇಸಿಗೆ ಊಟ ಅಂದೂ ಇತ್ತು, ಬಡಿಸಲು ಬೇರೆ ಯಾರೂ ಇರಲಿಲ್ಲ. ಮಕ್ಕಳನ್ನು ಉಪವಾಸ ಬಿಟ್ಟು ಶಿಕ್ಷಕಿಯಾಗಲು ಬರುವುದು ಹೇಗೆ? ಬಡಿಸಿ, ತೊಳೆದು, ತಲೆಯ ಬಲೆ ಬಿಚ್ಚುತ್ತ ಒಳಗೆ ಬರುವ ಹೊತ್ತಿಗೆ ಕಾರಿನ ಚೀಟಿ ಮುಗಿದು ಎರಡನೆಯ ಸುತ್ತು ನಡೆದಿತ್ತು. ಗಸ್ ವಿವರಿಸುವುದೂ ಮುಗಿದಿತ್ತು. ಸುತ್ತಲಿನವರು ಇನ್ನೂ ಬಾಗಿಲ ಹತ್ತಿರದ ಜಾಗದ ಬಗ್ಗೆಯೇ ನಗಾಡುತ್ತಿದ್ದರು. ಇವಳಿಗೆ ಬಂದದ್ದು ಒಂದು. ಪಕ್ಕದಲ್ಲಿ ನಿಂತಿದ್ದವಳಿಗೆ ಏಳು.

ಆ ಪಕ್ಕದವಳು ಲೀಆನ್ ಡಕೆಟ್. ಇಪ್ಪತ್ತಾರರ ಹುಡುಗಿ, ಊರಿಗೆ ಹೊಸಬಳು, ನಾಲ್ಕು ತಿಂಗಳ ಬಸುರಿ. ವಾಂತಿ ಮಾಡಿ ಬಂದು ಗೋಡೆಗೆ ಒರಗಿ ನಿಂತಿದ್ದಳು. ಡೆಲೋರಿಸ್ ತನ್ನ ಚೀಟಿಯನ್ನು ಅವಳ ಕೈಗಿಟ್ಟು ಅವಳದನ್ನು ಕಿತ್ತುಕೊಂಡಳು. ತಗೋ ಮಗಳೇ, ಹೊಟ್ಟೆ ಹೊತ್ತುಕೊಂಡು ಹಿಮದಲ್ಲಿ ಅಲ್ಲಿಂದ ಇಲ್ಲಿಗೆ ನಡೀತೀಯಾ, ನಾನು ಗಟ್ಟಿಮುಟ್ಟಾಗಿದೀನಿ ಎಂದಳು. ಲೀಆನ್ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಗಸ್ ನಂಬರು ಹೇಳಿ ನಂಬರು ಹೇಳಿ ಎಂದು ಕೂಗಿದ. ಒಂದು ಎಂದಳು ಲೀಆನ್. ಏಳು ಎಂದಳು ಡೆಲೋರಿಸ್. ಗಸ್ ಬರೆದುಕೊಂಡ.

ಆ ಚಳಿಗಾಲ ಬಾಗಿಲ ಹತ್ತಿರದ ಜಾಗದಲ್ಲಿ ಸಂಗೀತದ ಮೇಷ್ಟ್ರ ಕಾರು ನಿಲ್ಲುತ್ತಿತ್ತು. ಲೀಆನ್ ಹೊಟ್ಟೆ ಹೊತ್ತುಕೊಂಡು ಆಚೆ ತುದಿಯಿಂದಲೇ ನಡೆದು ಬರುತ್ತಿದ್ದಳು. ಹುಡುಗಿ ದೊಡ್ಡವರಿಗೆ ಜಾಗ ಬಿಟ್ಟುಕೊಟ್ಟಿರಬೇಕು, ಪಾಪ ಎಂದುಕೊಂಡ ಡೆಲೋರಿಸ್ ಕೇಳಲು ಹೋಗಲಿಲ್ಲ. ಹಿರಿತನದ ಪಟ್ಟಿ ಪ್ರತಿ ನವೆಂಬರಿನಲ್ಲಿ ಸ್ಟಾಫ್ ರೂಮಿನ ಗೋಡೆಗೆ ಅಂಟಿಸುತ್ತಾರೆ. ಅದನ್ನೂ ಅವಳು ನೋಡಲಿಲ್ಲ. ಹೊಸಬರು ಯಾರೂ ನೋಡುವುದಿಲ್ಲ, ನೋಡುವಷ್ಟು ಬಿಡುವೂ ಇರುವುದಿಲ್ಲ. ಮೂರನೆಯ ವರ್ಷದ ವಸಂತದಲ್ಲಿ ತೆರಿಗೆ ವೋಟಿನಲ್ಲಿ ಮತ್ತೆ ಸೋತಿತು. ಅವಳಿಗಿಂತ ಈಚೆಗೆ ಬಂದವರೆಲ್ಲ ಹಿಂದಿನ ವರ್ಷವೇ ಹೋಗಿದ್ದರು. ಈ ಸಲ ಕತ್ತಿ ಆ ದಿನ ಸೇರಿದ ಏಳು ಜನರ ಮೇಲೆ ಬಂದು ನಿಂತಿತು. ಪ್ರಾಥಮಿಕದಲ್ಲಿ ಒಂದು ಜಾಗ ಕಡಿಮೆ ಮಾಡಬೇಕು. ಏಳನೆಯ ನಂಬರು ಹೋಗಬೇಕು.

ಕೆಲಸದಿಂದ ತೆಗೆಯುವ ಕಾಗದ ಕೈಗೆ ಬಂದ ದಿನ ಡೆಲೋರಿಸ್ ಗಸ್‌ನ ಪ್ರಯೋಗಾಲಯಕ್ಕೆ ಹೋಗಿ, ನಾನು ಬಂದದ್ದು ತಡ, ಆದರೆ ಏಳು ಜನರಲ್ಲಿ ಏಳನೆಯವಳು ಹೇಗಾದೆ ಎಂದು ಕೇಳಿದಳು. ನೀನೇ ಎತ್ತಿದ ಚೀಟಿಯಲ್ಲವೇ ಎಂದ ಗಸ್. ಆಗ ಅವಳಿಗೆ ಡಬ್ಬಿ ನೆನಪಾಯಿತು. ಅದು ಕಾರಿನ ಚೀಟಿಯಲ್ಲವೇ ಎಂದಳು. ಅಲ್ಲ, ಹಿರಿತನದ್ದು ಎಂದ ಗಸ್. ಒಂದು ವರ್ಷ, ಇನ್ನೊಂದೇ ವರ್ಷ ಕಳೆದಿದ್ದರೆ ಅವಳು ಕಾಯಂ. ಈಗ ಹೊರಬಿದ್ದರೆ ಮೂರು ವರ್ಷವೂ ಹೋಯಿತು. ಎಲ್ಲೇ ಸೇರಿದರೂ ಮೊದಲ ದಿನದಿಂದ ಶುರು. ರೇಗೆ ಸ್ಮಶಾನದವರು ಆರೋಗ್ಯ ವಿಮೆ ಕೊಡುವುದಿಲ್ಲ, ಇಬ್ಬರದೂ ಇವಳ ಕೆಲಸದ ಮೇಲೆಯೇ ನಿಂತಿತ್ತು. ನಲವತ್ನಾಲ್ಕು ವಯಸ್ಸಿನ ಹೊಸ ಶಿಕ್ಷಕಿಯನ್ನು ಯಾರು ತಗೊಳ್ಳುತ್ತಾರೆ?

ಒಪ್ಪಂದದಲ್ಲಿ ‘ಅವರವರ ಕೈಯಿಂದಲೇ’ ಎಂದಿದೆ. ಅದಲುಬದಲು ಮಾಡಿದ್ದೇ ತಪ್ಪು, ಹಾಗಾಗಿ ತಕರಾರು ಹಾಕಬಹುದು. ಹಾಕಿ ಗೆದ್ದರೆ ಒಂದನೆಯ ನಂಬರು ಅವಳಿಗೆ ವಾಪಸ್. ಏಳನೆಯದು ಲೀಆನ್‌ಗೆ. ಇದನ್ನು ಹೇಳುವಾಗ ಗಸ್ ಅವಳ ಮುಖ ನೋಡಲಿಲ್ಲ.

"ಡೀ, ನೀನು ಕೇಳ್ತಿರೋದು ಇಷ್ಟೇ. ನನ್ನ ಬಿಟ್ಟು ಅವಳನ್ನ ತೆಗೀರಿ ಅಂತ. ಇಬ್ಬರೂ ನಮ್ಮ ಮೆಂಬರ್ರೇ. ನಾನು ಯಾರ ಪಕ್ಕ ಕೂರಲಿ?"

"ಚಂದಾ ತಗೊಳ್ಳೋವಾಗ ಯಾರ ಪಕ್ಕ ಕೂತಿದ್ರಿ?"

"ಹಾಗಲ್ಲ ಕಣಮ್ಮಾ..."

"ಒಂದು ಕುರ್ಚಿ ಇಟ್ಟು ಇಬ್ಬರನ್ನ ಸುತ್ತಿಸ್ತಿರೋದು ನಾನಲ್ಲ, ಗಸ್. ಪಿಟೀಲು ನುಡಿಸ್ತಿರೋರು ನೀವೂ ಮಂಡಳಿನೂ. ಪಿಟೀಲು ನಿಲ್ಲಿಸಿದಾಗ ನಾನು ನಿಂತೇ ಇರಬೇಕಾ?"

ಹೀಗೆ ಹೇಳಿ ಬಂದಳಾದರೂ ಎರಡು ದಿನ ತಕರಾರು ಹಾಕಲಿಲ್ಲ. ತ್ಯಾಗಮಯಿ ಎಂದು ಅವಳನ್ನು ಹೊಗಳುವ ಅವಕಾಶ ನನಗಿಲ್ಲ, ಮೂರನೆಯ ದಿನ ಹಾಕಿದಳು. ಹಾಕಬೇಕಿತ್ತೇ ಎಂದು ಕೇಳುವವರು ಮೊದಲು ತಮ್ಮ ಮನೆಯ ಔಷಧಿ ಚೀಟಿ ಮುಂದಿಟ್ಟುಕೊಂಡು ಕೇಳಲಿ. ಹಾಕುವ ಮೊದಲು ಅವಳು ಮಾಡಿದ್ದು ಒಂದು ಕೆಲಸ. ಲೀಆನ್‌ಳ ಮನೆಗೆ ಹೋದಳು.

ನಮ್ಮಲ್ಲಿ ಯಾರ ಮನೆಗಾದರೂ ಕಷ್ಟದ ಹೊತ್ತಿನಲ್ಲಿ ಹೋಗುವಾಗ ಒಂದು ಬೋಗುಣಿ ನೂಡಲ್ ಬೇಯಿಸಿ ಒಯ್ಯುತ್ತೇವೆ. ಡೆಲೋರಿಸ್ ಅಂದು ಬರಿಗೈಯಲ್ಲಿ ಹೋದಳು. ಕಿತ್ತುಕೊಳ್ಳಲು ಹೋಗುವವಳು ತಿಂಡಿ ಒಯ್ಯುವುದಾದರೂ ಹೇಗೆ? ಲೀಆನ್ ಮೇಲ್ಮಹಡಿಯ ಬಾಡಿಗೆ ಮನೆಯಲ್ಲಿ ಸೋಫಾದ ಮೇಲೆ ಬಟ್ಟೆ ಮಡಚುತ್ತಿದ್ದಳು. ಎರಡು ವರ್ಷದ ಮಗಳು ಮೂಗಿಗೆ ಔಷಧದ ಹೊಗೆಯ ಮುಖವಾಡ ಕಟ್ಟಿಕೊಂಡು ಕಾರ್ಟೂನ್ ನೋಡುತ್ತಿತ್ತು, ಅದಕ್ಕೆ ಉಬ್ಬಸ. ಗಂಡ ಮೀನು ಹಿಡಿಯುವ ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ಯುವವನು. ಬೇಸಿಗೆಗೆ ಮಾತ್ರ ಕೆಲಸ.

"ನೀವು ಬರ್ತೀರಿ ಅಂತ ಗೊತ್ತಿತ್ತು," ಎಂದಳು ಲೀಆನ್, ಮಡಚುವುದನ್ನು ನಿಲ್ಲಿಸದೆ. "ನಿನ್ನೆನೇ ಕಾಯ್ತಿದ್ದೆ."

"ತಕರಾರು ಹಾಕ್ತಿದೀನಿ. ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳೋದು ಬೇಡ ಅಂತ ನಾನೇ ಬಂದೆ."

"ನಾನೇನೂ ನಿಮ್ಮನ್ನ ಕೇಳ್ಕೊಂಡಿರಲಿಲ್ಲ."

"ಇಲ್ಲ. ನಾನೇ ಕೊಟ್ಟೆ."

"ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಬಂದಿದೀರಿ."

"ಕಾರ್ ನಿಲ್ಲಿಸೋ ಜಾಗ ಕೊಟ್ಟೆ ಮಗಳೇ. ಕೆಲಸ ಕೊಡಲಿಲ್ಲ."

ಲೀಆನ್ ಒಂದು ಪುಟ್ಟ ಕಾಲುಚೀಲದ ಜೋಡಿ ಹುಡುಕಿದಳು, ಸಿಗಲಿಲ್ಲ. "ನಂಗೆ ನೆನಪಿಲ್ಲ ಅಂದುಬಿಟ್ರೆ?"

"ಅಂದ್ರೆ ನಾನು ಹೋಗ್ತೀನಿ. ಗಸ್‌ಗೆ ನೆನಪಿಲ್ವಂತೆ, ಉಳಿದೋರು ತಿನ್ನೋದರಲ್ಲಿದ್ರು. ನೀನು ಏನು ಹೇಳ್ಬೇಕು ಅಂತ ನಾನು ಹೇಳಲ್ಲ. ಹೇಳೋ ಮುಖ ನನಗಿಲ್ಲ, ಯಾಕಂದ್ರೆ ನಂಗೂ ಆ ಕೆಲಸ ಬೇಕು."

ಮಗುವಿನ ಯಂತ್ರ ಗುರ್ ಎನ್ನುವುದು ನಿಂತಿತು. ಡೆಲೋರಿಸ್ ಯಾರೂ ಹೇಳದೆ ಬಗ್ಗಿ ಮುಖವಾಡ ಬಿಚ್ಚಿ ಮಗುವಿನ ಮೂಗು ಒರೆಸಿದಳು. ಅದನ್ನು ನೋಡಿ ಲೀಆನ್‌ಗೆ ಸಿಟ್ಟು ಬಂತು. ದಯವಿಟ್ಟು ಒಳ್ಳೆಯವರ ಹಾಗೆ ಮಾಡಬೇಡಿ, ಇವತ್ತು ಬೇಡ ಎಂದಳು. ಡೆಲೋರಿಸ್ ಕೋಟು ಹಾಕಿಕೊಂಡು ಎದ್ದುಬಂದಳು.

ವಿಚಾರಣೆ ಶಾಲೆಯ ಲೈಬ್ರರಿಯಲ್ಲಿ, ಮಕ್ಕಳ ಗಿಡ್ಡ ಕುರ್ಚಿಗಳ ಮೇಲೆ ನಡೆಯಿತು. ಸೂಪರಿಂಟೆಂಡೆಂಟ್ ಕಾಲ್ವಿನ್ ಸ್ಟೌಟ್, ಮಂಡಳಿಯ ಪರ ಕ್ಲೀವ್‌ಲ್ಯಾಂಡಿನಿಂದ ಬಂದ ವಕೀಲ, ಗಸ್, ಇಬ್ಬರು ಹೆಂಗಸರು. ಮಂಡಳಿಗೆ ಇಬ್ಬರಲ್ಲಿ ಯಾರು ಹೋದರೂ ಒಂದೇ. ತಗಡಿನ ಡಬ್ಬಿಯ ಕತೆ ಪೇಪರಿಗೆ ಹೋಗಬಾರದು ಎನ್ನುವುದೊಂದೇ ಅವರ ಚಿಂತೆ. ವಕೀಲ ಡೆಲೋರಿಸ್‌ಳನ್ನು ಅರ್ಧ ಗಂಟೆ ತಿರುವಿ ತಿರುವಿ ಕೇಳಿದ. ಪಟ್ಟಿ ಗೋಡೆಯ ಮೇಲಿತ್ತು, ಓದು ಬಲ್ಲ ಶಿಕ್ಷಕಿ ಮೂರು ನವೆಂಬರ್ ಅದನ್ನು ನೋಡಲಿಲ್ಲವೇ ಎಂದ. ನೋಡಲಿಲ್ಲ ಎಂದಳು. ಯಾಕೆ ಎಂದ. ಮಕ್ಕಳ ಕಾಪಿ ತಿದ್ದುತ್ತಿದ್ದೆ ಎಂದಳು. ಗಸ್‌ನನ್ನು ಕೇಳಿದರು. ತನಗೆ ಹೇಳಿದ ನಂಬರು ಬರೆದುಕೊಂಡೆ, ಬೇರೇನೂ ನೆನಪಿಲ್ಲ ಎಂದ. ಅವನಿಗೆ ನೆನಪಿತ್ತೆಂದೇ ನನ್ನ ಗುಮಾನಿ. ಇಬ್ಬರಲ್ಲಿ ಒಬ್ಬಳನ್ನು ಮುಳುಗಿಸುವ ಮಾತು ತನ್ನ ಬಾಯಿಂದ ಬರಬಾರದೆಂದು ಮರೆತ. ಅದೂ ಒಂದು ಬಗೆಯ ಸಜ್ಜನಿಕೆ ಎಂದು ಅವನು ತಿಳಿದಿರಬೇಕು. ಹೇಡಿತನಕ್ಕೆ ನಮ್ಮಲ್ಲಿ ಚಂದದ ಹೆಸರುಗಳಿಗೆ ಬರವಿಲ್ಲ.

ಕೊನೆಗೆ ಲೀಆನ್. ಅಂದು ಏನಾಯಿತೆಂದು ವಕೀಲ ಕೇಳಿದ. ನೆನಪಿಲ್ಲದಿದ್ದರೆ ನೆನಪಿಲ್ಲ ಎನ್ನಬಹುದು ಎಂದು ತಾನೇ ದಾರಿ ತೋರಿಸಿದ.

"ನೆನಪಿದೆ," ಎಂದಳು ಲೀಆನ್. "ಅವರು ಎತ್ತಿದ್ದು ಒಂದು. ನಾನು ಏಳು. ಅವರು ಅದು ಕಾರಿನ ಚೀಟಿ ಅಂದುಕೊಂಡು ನನಗೆ ಕೊಟ್ರು."

"ನೀವೂ ಹಾಗೇ ತಿಳಿದಿದ್ರಿ."

ಇಲ್ಲೂ ಅವಳಿಗೊಂದು ಬಾಗಿಲಿತ್ತು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಕೆಲಸ ಹೇಗೂ ಹೋಗುತ್ತಿತ್ತು, ಮಾನವಾದರೂ ಉಳಿಯುತ್ತಿತ್ತು.

"ಇಲ್ಲ. ನಾನು ಮೊದಲಿಂದ ಅಲ್ಲೇ ಇದ್ದೆ, ಎರಡನೇದು ಯಾಕೆ ಅಂತ ಗಸ್ ಹೇಳಿದ್ದು ಕೇಳಿಸಿತ್ತು. ಹೇಳೋಣ ಅಂತ ಬಾಯಿ ತೆಗೆದೆ. ಆಮೇಲೆ ಹೇಳಲಿಲ್ಲ." ಅವಳು ಡೆಲೋರಿಸ್‌ಳ ಕಡೆ ತಿರುಗಿದಳು. "ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಎರಡೂವರೆ ವರ್ಷ ಆಯ್ತು."

ಡೆಲೋರಿಸ್ ಮೇಜಿನ ಮೇಲೆ ಬಿದ್ದಿದ್ದ ಕ್ರೇಯಾನ್ ಚೂರುಗಳನ್ನು ಒಂದೊಂದಾಗಿ ಆರಿಸಿ ಡಬ್ಬಕ್ಕೆ ಹಾಕುತ್ತಿದ್ದಳು. ವಾರದೊಳಗೆ ತೀರ್ಪು ಬಂತು. ಒಂದನೆಯ ನಂಬರು ಡೆಲೋರಿಸ್‌ಗೆ. ಲೀಆನ್ ಡಕೆಟ್‌ಳ ಸೇವೆಯನ್ನು ಮುಂದುವರಿಸುವುದಿಲ್ಲ. ಕಾರಣ ಬರೆದಿರಲಿಲ್ಲ. ಪ್ರೊಬೇಷನರಿಗೆ ಕಾರಣ ಕೊಡಬೇಕಿಲ್ಲ.

ಆಮೇಲೆ ಊರಿಗೆ ಮಾತಾಡಲು ವಿಷಯ ಸಿಕ್ಕಿತು. ದಿನಸಿ ಅಂಗಡಿಯ ಸಾಲಿನಲ್ಲಿ ಒಬ್ಬ ಹೆಂಗಸು ಡೆಲೋರಿಸ್‌ಗೆ ಕೇಳುವ ಹಾಗೇ, ಕಾಯಿಲೆ ಮಗುವಿನ ತಾಯಿಯ ಅನ್ನ ಕಿತ್ತುಕೊಂಡವರೂ ಬ್ರೆಡ್ಡು ಕೊಳ್ಳಲು ಇಲ್ಲಿಗೇ ಬರ್ತಾರೆ ಎಂದಳು. ಇನ್ನೊಂದು ಪಂಗಡ ಲೀಆನ್‌ಳನ್ನು ಕಳ್ಳಿ ಎಂದಿತು. ಹೋಟೆಲಿನ ಮೇಜುಗಳಲ್ಲಿ ಎರಡೂ ಪಕ್ಷದವರು ಮೊಟ್ಟೆ ತಿನ್ನುತ್ತ ವಾದಿಸುತ್ತಿದ್ದರು. ಇವಳು ಮಾಡಿದ್ದು ಸರಿಯೇ, ಅವಳು ಮಾಡಿದ್ದು ಸರಿಯೇ? ಆ ಮೇಜುಗಳಲ್ಲಿ ಕೂತಿದ್ದವರಲ್ಲಿ ‘ಬೇಡ’ ಎಂದು ವೋಟು ಹಾಕಿದವರು ಎಷ್ಟು ಜನ ಎಂದು ಒಬ್ಬರೂ ಕೇಳಲಿಲ್ಲ. ಇಬ್ಬರು ಹೆಂಗಸರನ್ನು ಒಂದು ಕುರ್ಚಿಗೆ ಕಟ್ಟಿಹಾಕಿ, ಅವರು ಎಳೆದಾಡುವುದನ್ನು ನೋಡಿ, ಅವರ ನಡತೆಗೆ ಅಂಕ ಕೊಡುವ ಊರು ನಮ್ಮದು.

ಜೂನ್ ಕೊನೆಯ ದಿನ ಲೀಆನ್ ತನ್ನ ಮೂರನೆಯ ತರಗತಿಯ ಕೋಣೆ ಖಾಲಿ ಮಾಡುತ್ತಿದ್ದಳು. ಡೆಲೋರಿಸ್ ಬಾಗಿಲಲ್ಲಿ ನಿಂತು, ಪೆಟ್ಟಿಗೆ ಹೊರಲೇ ಎಂದು ಕೇಳಿದಳು. ಬೇಡ ಎಂದಳು ಲೀಆನ್. ಡೆಲೋರಿಸ್ ಹೊರಟಿದ್ದಳು. ಆಗ ಹಿಂದಿನಿಂದ ಮಾತು ಬಂತು. ಈ ಮಕ್ಕಳು ಮುಂದಿನ ವರ್ಷ ನಿಮ್ಮ ತರಗತಿಗೇ ತಾನೇ ಬರೋದು? ಹೌದು ಎಂದಾಗ ಲೀಆನ್ ಪೆಟ್ಟಿಗೆಯ ಮೇಲೆ ಕೂತಳು. ಶೆಲ್ಬಿಯನ್ನು ಕಿಟಕಿ ಹತ್ತಿರ ಕೂರಿಸಬೇಡಿ, ಅಪ್ಪನ ಕಾರು ಬರುತ್ತದೆಂದು ದಿನವಿಡೀ ನೋಡುತ್ತಾಳೆ, ಅವನು ಬರುವುದಿಲ್ಲ. ಮಾರ್ಕಸ್ ಜೋರಾಗಿ ಓದು ಎಂದರೆ ಹೊಟ್ಟೆನೋವು ಅಂತಾನೆ, ಒಬ್ಬನೇ ಇದ್ದಾಗ ಚೆನ್ನಾಗಿ ಓದುತ್ತಾನೆ. ಅವಳಿಗಳನ್ನು ಬೇರೆ ಮಾಡಬೇಡಿ, ಎಲ್ಲರೂ ಮಾಡಿ ಎನ್ನುತ್ತಾರೆ, ಕೇಳಬೇಡಿ. ಹೀಗೆ ಒಂದೊಂದೇ ಮಗುವನ್ನು ಅವಳು ಒಪ್ಪಿಸುತ್ತ ಹೋದಳು. ಡೆಲೋರಿಸ್ ಗಿಡ್ಡ ಕುರ್ಚಿಯಲ್ಲಿ ಕೂತು ಕೇಳಿದಳು. ಎಲ್ಲರದೂ ಮುಗಿದ ಮೇಲೆ ಇಬ್ಬರೂ ಪೆಟ್ಟಿಗೆಗಳನ್ನು ಹೊತ್ತು ಕಾರಿಗೆ ಹಾಕಿದರು. ಯಾರೂ ಯಾರನ್ನೂ ತಬ್ಬಿಕೊಳ್ಳಲಿಲ್ಲ.

ಆಗಸ್ಟಿನಲ್ಲಿ ಮೂರನೆಯ ತರಗತಿಯ ಹಳೆಯ ಶಿಕ್ಷಕಿಯೊಬ್ಬಳು ಇದ್ದಕ್ಕಿದ್ದಂತೆ ನಿವೃತ್ತಿ ತಗೊಂಡಳು. ಜಾಗ ಖಾಲಿ. ಡೆಲೋರಿಸ್ ಸ್ಟೌಟ್‌ನ ಆಫೀಸಿಗೆ ಓಡಿದಳು, ಲೀಆನ್‌ಳನ್ನು ಕರೆಯಿರಿ ಎಂದಳು. ಅವಳೂ ಎಲ್ಲರ ಹಾಗೆ ಅರ್ಜಿ ಹಾಕಬಹುದು ಎಂದ ಅವನು, ಬಹಳ ಮರ್ಯಾದೆಯಿಂದ. ಲೀಆನ್ ಹಾಕಿದಳು. ಸಂದರ್ಶನಕ್ಕೂ ಕರೆಯಲಿಲ್ಲ. ಕಾಲೇಜಿನಿಂದ ಆಗಷ್ಟೇ ಹೊರಬಂದ ಹುಡುಗನೊಬ್ಬನನ್ನು ಮೊದಲ ಮೆಟ್ಟಿಲ ಸಂಬಳಕ್ಕೆ ತಗೊಂಡರು. ಮೂರು ವರ್ಷ ಕಲಿಸಿದವಳಿಗಿಂತ ಅವನು ಅಗ್ಗ. ಲೀಆನ್ ದಕ್ಷಿಣಕ್ಕೆ ನಲವತ್ತು ಮೈಲಿ ದೂರದ ಇನ್ನೊಂದು ಶಾಲೆ ಸೇರಿದಳು. ಅಲ್ಲಿ ಮತ್ತೆ ಹೊಸಬಳು.

ಒಪ್ಪಂದದ ಅವಧಿ ಆ ಚಳಿಗಾಲ ಮುಗಿಯುತ್ತಿತ್ತು. ಹೊಸದರಲ್ಲಿ ಏನೇನು ಕೇಳಬೇಕೆಂದು ತೀರ್ಮಾನಿಸಲು ಶಿಕ್ಷಕರ ಸಂಘ ಸ್ಲೊವಾಕ್ ಸಮಾಜದ ಹಾಲಿನಲ್ಲಿ ಸೇರಿತು. ಪ್ರೊಬೇಷನರಿಗಳು ಹಿಂದಿನ ಸಾಲಿನಲ್ಲಿ ಕೂರುತ್ತಾರೆ, ಬಾಯಿ ಬಿಡುವುದಿಲ್ಲ. ಇದು ಯಾರೂ ಬರೆದಿಡದ ಕಾನೂನು. ಯಾರು ಏನು ಹೇಳಿದರೆಂಬುದು ಮಾರನೆಯ ಬೆಳಿಗ್ಗೆ ಸ್ಟೌಟ್‌ನ ಕಿವಿಯಲ್ಲಿರುತ್ತದೆ. ಕಾರಣ ಕೊಡದೆ ಕಳಿಸುವ ಹಕ್ಕು ಏಪ್ರಿಲ್‌ವರೆಗೆ ಅವನ ಕೈಯಲ್ಲಿದೆ. ಡೆಲೋರಿಸ್‌ಳ ನಾಲ್ಕನೆಯ ವರ್ಷ ಅದು. ಅವಳು ಏನೋ ಹೇಳುವವಳಿದ್ದಾಳೆಂದು ಗಸ್‌ಗೆ ವಾಸನೆ ಹತ್ತಿತ್ತು. ಕಾಫಿಯ ಮೇಜಿನ ಹತ್ತಿರ ತೋಳು ಹಿಡಿದು, ಏಪ್ರಿಲ್‌ವರೆಗೆ ಸುಮ್ಮನಿದ್ದುಬಿಡು, ಕಾಯಂ ಆದ ಮೇಲೆ ಬೇಕಾದ್ದು ಕೂಗಾಡು, ನಾನೇ ಮೈಕು ಹಿಡೀತೀನಿ ಎಂದ. ಒಪ್ಪಂದಕ್ಕೆ ಸಹಿ ಯಾವಾಗ ಎಂದು ಕೇಳಿದಳು. ಫೆಬ್ರುವರಿ ಎಂದ. ಹಾಗಿದ್ದರೆ ಏಪ್ರಿಲ್‌ನಲ್ಲಿ ಕೂಗಿ ಏನು ಬಂತು ಎಂದು ತೋಳು ಬಿಡಿಸಿಕೊಂಡಳು.

ರೇ ಅಂದು ಬೆಳಿಗ್ಗೆ, ನಿನಗೆ ತೋಚಿದ್ದು ಮಾಡು, ವಿಮೆ ಹೋದರೆ ನಾನು ಹೇಗೂ ಸ್ಮಶಾನದಲ್ಲೇ ಕೆಲಸದಲ್ಲಿದೀನಿ ಎಂದಿದ್ದ. ಅವಳು ನಕ್ಕಿರಲಿಲ್ಲ.

ಡೆಲೋರಿಸ್ ಎದ್ದು ನಿಂತಾಗ ಹಾಲಿನಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಪ್ರೊಬೇಷನರಿಗಳು ಲೇಆಫ್ ಆದರೆ ಅವರನ್ನೂ ವಾಪಸ್ ಕರೆಯಬೇಕು, ಹಳೆಯ ವರ್ಷಗಳು ಲೆಕ್ಕಕ್ಕೆ ಬರಬೇಕು, ಇದನ್ನು ಬೇಡಿಕೆಗಳಲ್ಲಿ ಸೇರಿಸಿ ಎಂದಳು. ಲೀಆನ್‌ಳ ಹೆಸರು ಹೇಳಿದಳು. ಅವಳು ಅಂದು ಲೈಬ್ರರಿಯಲ್ಲಿ ನಿಜ ಹೇಳಿದ್ದರಿಂದ ನಾನು ಇಲ್ಲಿ ನಿಂತಿದೀನಿ, ಸುಳ್ಳು ಹೇಳಿದ್ದರೆ ಅವಳು ನಿಂತಿರುತ್ತಿದ್ದಳು, ಹೀಗೊಂದು ನಿಯಮಕ್ಕೆ ನಾವು ಸಹಿ ಹಾಕಿದೀವಿ ಎಂದಳು. ಮುಂದಿನ ಸಾಲಿನಿಂದ ಮೂವತ್ತು ವರ್ಷ ಸರ್ವಿಸಿನ ಇತಿಹಾಸದ ಮೇಷ್ಟ್ರೊಬ್ಬರು ಕೂತಲ್ಲಿಂದಲೇ ತಿರುಗಿದರು.

"ನಾವೆಲ್ಲ ಹಾಗೇ ಬಂದವರಮ್ಮಾ."

"ಹಾಗೆ ಬಂದಾಗ ನಿಮಗೆ ಚೆನ್ನಾಗಿತ್ತಾ?"

ವೋಟಿಗೆ ಕೈ ಎತ್ತುವ ಹೊತ್ತಿಗೆ ಆ ಮೇಷ್ಟ್ರ ಕೈಯೂ ಮೇಲೆ ಹೋಯಿತು. ನಿಧಾನವಾಗಿ, ಭುಜ ನೋವಿನವರ ಹಾಗೆ. ಹಿಂದಿನ ಸಾಲಿನ ಹೊಸಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎತ್ತಿದರು. ಗಸ್ ಎರಡು ಸಲ ಎಣಿಸಿ, ಪಾಸಾಯಿತು ಎಂದ.

ಕೇಳಿದ್ದೆಲ್ಲ ಸಿಗಲಿಲ್ಲ. ವಾಪಸ್ ಕರೆಯಲು ಎರಡು ವರ್ಷದ ಅವಧಿ ಕೇಳಿದ್ದಕ್ಕೆ ಮಂಡಳಿ ಒಂದು ವರ್ಷ ಕೊಟ್ಟಿತು, ಅದೂ ಇನ್ನು ಮುಂದೆ ಕೆಲಸ ಹೋಗುವವರಿಗೆ ಮಾತ್ರ. ಹಿಂದೆ ಹೋದವರಿಗೆ, ಎಂದರೆ ಲೀಆನ್‌ಗೆ, ಏನೂ ಇಲ್ಲ. ಏಪ್ರಿಲ್‌ನಲ್ಲಿ ಡೆಲೋರಿಸ್‌ಳನ್ನು ಕಾಯಂ ಮಾಡುವ ವಿಷಯ ಮಂಡಳಿಯ ಮುಂದೆ ಬಂದಾಗ, ಬೇರೆ ಎಲ್ಲರನ್ನೂ ಒಂದೇ ಉಸಿರಿನಲ್ಲಿ ಒಪ್ಪಿದವರು ಇವಳ ಹೆಸರನ್ನು ಮಾತ್ರ ಬಿಡಿಸಿ ತೆಗೆದು ವೋಟಿಗೆ ಹಾಕಿದರು. ಮೂವರು ಹೌದು, ಇಬ್ಬರು ಇಲ್ಲ. ಆ ಇಬ್ಬರೂ ಕಾರಣ ಹೇಳಲಿಲ್ಲ. ಅವರು ಹೇಳಬೇಕಿರಲಿಲ್ಲ.

ಸಭೆಯಿಂದ ಹೊರಬಂದು ಡೆಲೋರಿಸ್ ಕಾರಿನಲ್ಲಿ ಕೂತು ಲೀಆನ್‌ಗೆ ಫೋನು ಮಾಡಿದಳು. ಪೆಟ್ಟಿಗೆ ಹೊತ್ತ ದಿನದಿಂದ ಈಚೆಗೆ ಅವರು ಮಾತಾಡಿರಲಿಲ್ಲ. ತಾನು ಉಳಿದದ್ದನ್ನು ಹೇಳಿದಳು. ಹೊಸ ನಿಯಮ ಬಂದದ್ದನ್ನು, ಅದು ಲೀಆನ್‌ಗೆ ದಕ್ಕದಿದ್ದದ್ದನ್ನೂ ಹೇಳಿದಳು. ಶೆಲ್ಬಿಯನ್ನು ಎಲ್ಲಿ ಕೂರಿಸಿದೀರಿ ಎಂದು ಕೇಳಿದಳು ಲೀಆನ್. ಬಾಗಿಲ ಕಡೆ ಎಂದಾಗ, ಸರಿ ಎಂದಳು.

"ಆ ನಿಯಮ ಹೇಗೆ ಬರೆದಿದಾರೋ ಹಾಗೇ ನನಗೂ ಕಳಿಸಿ. ಇಲ್ಲಿನ ಒಪ್ಪಂದದಲ್ಲೂ ಅದಿಲ್ಲ. ಮುಂದಿನ ವಾರ ಸಂಘದ ಮೀಟಿಂಗಿದೆ."

"ನಿಂದು ಮೊದಲನೇ ವರ್ಷ ಕಣೇ. ಈಗಲೇ ಬಾಯಿ ಬಿಡ್ತೀಯಾ? ಕಾಯಂ ಆಗೋವರೆಗೂ ತಡಿ."

"ನೀವು ತಡೆದ್ರಾ?"

ವಿಳಾಸ ಹೇಳು ಎಂದಳು ಡೆಲೋರಿಸ್.